ಮಂಡಿಯೂರಿದವನ ಹಡಗುಗಳು

ವೆಸ್ಟ್ ಇಂಡೀಸ್‌ನ ಟೊಬೆಗೊ ದ್ವೀಪದಲ್ಲಿ, ಪ್ಲಿಮತ್ ಎಂಬ ಪುಟ್ಟ ಊರಿನ ಮಗ್ಗುಲಿಗೆ ಒಂದು ಕೊಲ್ಲಿ ಇದೆ. ಮಾರ್ಚ್ ತಿಂಗಳು ಬಂತೆಂದರೆ ರಾತ್ರಿ ಹೊತ್ತು ಭಾರೀ ಗಾತ್ರದ ಲೆದರ್‌ಬ್ಯಾಕ್ ಆಮೆಗಳು ಅಲೆಗಳಿಂದ ಎದ್ದು ಬಂದು, ಮರಳು ತೋಡಿ ಮೊಟ್ಟೆಯಿಟ್ಟು, ಮತ್ತೆ ಕಡಲಿಗೆ ಮರಳುವ ಜಾಗ ಅದು. ಪ್ರವಾಸಿಗರ ಬಾಯಲ್ಲಿ ಅದು ಟರ್ಟಲ್ ಬೀಚ್. ನಕಾಶೆಯಲ್ಲಿ ಮಾತ್ರ ಗ್ರೇಟ್ ಕೋರ್ಲ್ಯಾಂಡ್ ಬೇ. ಅಲ್ಲಿಂದ ಅಟ್ಲಾಂಟಿಕ್ ದಾಟಿ ಆಫ್ರಿಕಾಕ್ಕೆ ಬಂದರೆ ಗ್ಯಾಂಬಿಯಾ ನದಿಯ ನಡುವೆ, ಅಳಿವೆಯಿಂದ ಸುಮಾರು ಮೂವತ್ತು ಕಿಲೋಮೀಟರ್ ಒಳಗೆ, ನೀರು ಕೊರೆದು ಕೊರೆದು ಸವೆಸುತ್ತಿರುವ ಇನ್ನೊಂದು ಸಣ್ಣ ದ್ವೀಪ ಸಿಗುತ್ತದೆ. ಅಲೆಕ್ಸ್ ಹೇಲಿಯ ‘ರೂಟ್ಸ್’ ಓದಿದವರು ಮರೆಯಲಾರದ ಕುಂಟಾ ಕಿಂಟೆಯ ಹೆಸರನ್ನು 2011ರಲ್ಲಿ ಅದಕ್ಕಿಟ್ಟರು. ಗುಲಾಮರ ವ್ಯಾಪಾರದ ಕರಾಳ ನೆನಪಾಗಿ ಅದು ಯುನೆಸ್ಕೊ ಪಟ್ಟಿಯಲ್ಲಿದೆ. ಆ ದ್ವೀಪದ ಮೇಲೆ ಮೊದಲ ಕೋಟೆ ಎದ್ದದ್ದು 1651ರಲ್ಲಿ. ಕಟ್ಟಿಸಿದವರು ಇಂಗ್ಲಿಷರಲ್ಲ, ಫ್ರೆಂಚರಲ್ಲ. ಟೊಬೆಗೊದ ಆ ಕೊಲ್ಲಿಗೆ ತಮ್ಮ ನಾಡಿನ ಹೆಸರು ಬಿಟ್ಟುಹೋದವರೇ.

ಆ ನಾಡು ಇದ್ದದ್ದು ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ, ಇಂದಿನ ಲಾಟ್ವಿಯಾದ ಪಶ್ಚಿಮ ಮತ್ತು ದಕ್ಷಿಣದ ಬಯಲುಗಳಲ್ಲಿ. ಪೈನ್ ಕಾಡು, ಅಗಸೆ ಮತ್ತು ರೈ ಬೆಳೆಯುವ ಹೊಲ, ದಡಕ್ಕೆ ಅಂಬರು ತಂದು ಹಾಕುವ ತಣ್ಣನೆಯ ಕಡಲು. ಕೋರ್ಲ್ಯಾಂಡ್ ಮತ್ತು ಸೆಮಿಗಾಲಿಯಾ ಎಂಬ ಜೋಡಿ ಹೆಸರಿನ ಈ ಸಂಸ್ಥಾನ 1561ರಿಂದ 1795ರವರೆಗೆ, 234 ವರ್ಷ ಬಾಳಿತು. ಅದನ್ನು ಆಳಿದವನು ರಾಜನಲ್ಲ, ಡ್ಯೂಕ್. ಪೋಲೆಂಡಿನ ದೊರೆಯ ಮುಂದೆ ಮಂಡಿಯೂರಿ, ಅವನ ಕೈಯಿಂದ ಧ್ವಜ ಪಡೆದ ಮೇಲಷ್ಟೇ ಅವನ ನೆಲ ಅವನದಾಗುತ್ತಿತ್ತು. ಅಂಥ ಒಬ್ಬ ಸಾಮಂತ ಎರಡು ಖಂಡಗಳಲ್ಲಿ ವಸಾಹತು ಹೂಡಿದ್ದು ಹೇಗೆ ಎಂಬ ಬೆರಗಿನಿಂದಲೇ ನಾನು ಈ ಚರಿತ್ರೆಯ ಒಳಗೆ ಇಳಿದದ್ದು. ಓದುತ್ತ ಹೋದಂತೆ ಬೆರಗು ಹಿಂದೆ ಸರಿದು ಬೇರೊಂದು ಪ್ರಶ್ನೆ ಮುಂದೆ ಬಂದು ನಿಂತಿತು. ಆ ಹಡಗುಗಳನ್ನು ಕಟ್ಟಿದ ಕೈಗಳು ಯಾರವು?

ನಿಲುವಂಗಿ ಕಳಚಿದ ದಿನ

ಹದಿಮೂರನೆಯ ಶತಮಾನದಲ್ಲಿ ಜರ್ಮನ್ ಯೋಧರು ಶಿಲುಬೆ ಹೊತ್ತು ಈ ಕರಾವಳಿಗೆ ಬಂದರು. ಇಲ್ಲಿದ್ದ ಕುರೊನಿಯನ್ನರು, ಸೆಮಿಗಾಲಿಯನ್ನರು, ಲಿವ್ ಜನ, ಲಾಟ್‌ಗಾಲಿಯನ್ನರು ಒಬ್ಬೊಬ್ಬರಾಗಿ ಸೋತರು. 1290ರ ಹೊತ್ತಿಗೆ ಸೆಮಿಗಾಲಿಯನ್ನರ ಕೊನೆಯ ಪ್ರತಿರೋಧವೂ ಮುಗಿಯಿತು. ಆಮೇಲೆ ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಇಲ್ಲಿ ಆಳಿದ್ದು ಲಿವೋನಿಯನ್ ಆರ್ಡರ್ ಎಂಬ ಯೋಧ ಸನ್ಯಾಸಿಗಳ ಸಂಘ. ಕರಿ ಶಿಲುಬೆಯ ಬಿಳಿ ನಿಲುವಂಗಿ ತೊಟ್ಟವರು ಒಡೆಯರು, ನೆಲ ಉಳುವವರು ಆಳುಗಳು. ಜರ್ಮನ್ ಮಾತಾಡುವವನು ಮೇಲೆ, ಲಾಟ್ವಿಯನ್ ಮಾತಾಡುವವನು ಕೆಳಗೆ ಎಂಬ ಏರ್ಪಾಡು ಅಂದೇ ಗಟ್ಟಿಯಾಯಿತು. ಮುಂದೆ ಧ್ವಜಗಳು ಬದಲಾದವು, ದೊರೆಗಳು ಬದಲಾದರು. ಈ ಏರ್ಪಾಡು ಮಾತ್ರ ಹತ್ತೊಂಬತ್ತನೆಯ ಶತಮಾನದವರೆಗೂ ಕದಲಲಿಲ್ಲ.

ಸಂಘದ ಕಾಲ ಮುಗಿಸಿದವನು ಮಾಸ್ಕೊದ ನಾಲ್ಕನೇ ಇವಾನ್. 1558ರಲ್ಲಿ ಅವನ ಸೈನ್ಯ ಲಿವೋನಿಯಾದೊಳಗೆ ನುಗ್ಗಿದಾಗ ಯೋಧ ಸನ್ಯಾಸಿಗಳಲ್ಲಿ ಕಾದಾಡುವ ಕಸುವು ಉಳಿದಿರಲಿಲ್ಲ. ಲೂಥರನ ಸುಧಾರಣೆ ಅವರ ಸನ್ಯಾಸಕ್ಕಿದ್ದ ಅರ್ಥವನ್ನು ಆಗಲೇ ಅಲುಗಿಸಿತ್ತು. 1560ರ ಆಗಸ್ಟ್‌ನಲ್ಲಿ ಎರ್ಗೆಮೆಯ ಬಳಿ ಅವರ ಕೊನೆಯ ದಂಡು ಪುಡಿಯಾಯಿತು. ಅದೇ ವರ್ಷ ಸಂಘದ ಮಾಜಿ ಮುಖ್ಯಸ್ಥನನ್ನು ರಷ್ಯನ್ನರು ಸೆರೆಹಿಡಿದು ಒಯ್ದರು. ಹೊಸ ಮುಖ್ಯಸ್ಥ ಗೊಟ್ಟಾರ್ಡ್ ಕೆಟ್ಲರ್‌ಗೆ ಕಂಡ ದಾರಿ ಒಂದೇ: ಇನ್ನೊಬ್ಬ ದೊಡ್ಡವನ ನೆರಳು ಸೇರುವುದು. ಅದಕ್ಕೊಂದು ಮೇಲ್ಪಂಕ್ತಿಯೂ ಇತ್ತು. ಪ್ರಷ್ಯಾದ ಇಂಥದೇ ಸಂಘದ ಮುಖ್ಯಸ್ಥ ಆಲ್ಬ್ರೆಕ್ಟ್ 1525ರಲ್ಲಿ ಕ್ರಾಕೋವ್‌ನ ಪೇಟೆ ಬಯಲಲ್ಲಿ ಪೋಲೆಂಡಿನ ದೊರೆಗೆ ಮಂಡಿಯೂರಿ, ಸನ್ಯಾಸ ಬಿಟ್ಟು ಡ್ಯೂಕನಾಗಿದ್ದ.

1561ರ ನವೆಂಬರ್ 28ರಂದು ವಿಲ್ನಿಯಸ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. 1562ರ ಮಾರ್ಚ್ 5ರಂದು ರೀಗಾ ಕೋಟೆಯಲ್ಲಿ ಕೆಟ್ಲರ್ ತನ್ನ ಬಿಳಿ ನಿಲುವಂಗಿ ಕಳಚಿ, ಸಂಘದ ಮುದ್ರೆ ಮತ್ತು ಬೀಗದ ಕೈಗಳನ್ನು ದೊರೆ ಸಿಗಿಸ್ಮಂಡ್ ಆಗಸ್ಟಸ್‌ನ ಪ್ರತಿನಿಧಿ ಮಿಕೊವಾಯ್ ರಾಡ್ಜಿವಿಲ್‌ಗೆ ಒಪ್ಪಿಸಿದ. ಅಂದು ಕೋಟೆಯೊಳಗೆ ಬಂದಾಗ ಸನ್ಯಾಸಿಯಾಗಿದ್ದವನು ಹೊರಟಾಗ ಡ್ಯೂಕ್. ನಾಲ್ಕು ವರ್ಷದ ಬಳಿಕ ಮೆಕ್ಲೆನ್‌ಬರ್ಗ್‌ನ ರಾಜಕುಮಾರಿಯೊಬ್ಬಳನ್ನು ಮದುವೆಯೂ ಆದ. ದೌಗಾವಾ ನದಿಯ ಉತ್ತರದ ನೆಲ ನೇರವಾಗಿ ದೊರೆಗೆ ಸೇರಿತು, ದಕ್ಷಿಣದ ನೆಲ ಕೆಟ್ಲರ್ ವಂಶಕ್ಕೆ ಉಳಿಯಿತು.

ಆ ನೆಲೆಗೆ ಬೆಲೆ ತೆರಬೇಕಿತ್ತು. ಹಳೆಯ ಸಂಗಾತಿ ಯೋಧರೆಲ್ಲ ಈಗ ಜಮೀನ್ದಾರರು. ಅವರ ಒಪ್ಪಿಗೆಯಿಲ್ಲದೆ ಹೊಸ ಡ್ಯೂಕ್ ಒಂದು ದಿನವೂ ಆಳಲಾರ. 1570ರಲ್ಲಿ ಗೊಟ್ಟಾರ್ಡ್ ಅವರಿಗೆ ಬರೆದುಕೊಟ್ಟ ಹಕ್ಕುಪತ್ರ ಅವರ ಜಹಗೀರುಗಳನ್ನು ವಂಶಪಾರಂಪರ್ಯದ ಸ್ವತ್ತಾಗಿಸಿತು. ಆ ನೆಲದ ರೈತರನ್ನೂ, ಆ ರೈತರ ನ್ಯಾಯ ವಿಚಾರಣೆಯನ್ನೂ ಅವರ ಕೈಗಿಟ್ಟಿತು. ದೊರೆಯ ಮುಂದೆ ಡ್ಯೂಕ್ ಮಂಡಿಯೂರಿದ. ಅವನ ಮಂಡಿಯ ಭಾರ ಇಳಿದು ಇಳಿದು ಕೊನೆಗೆ ಬಿದ್ದದ್ದು ಲಾಟ್ವಿಯನ್ ರೈತನ ಬೆನ್ನ ಮೇಲೆ.

ಆದರೂ ಗೊಟ್ಟಾರ್ಡ್‌ನ ಒಂದು ಕೆಲಸವನ್ನು ನಾನು ಕೃತಜ್ಞತೆಯಿಂದಲೇ ನೆನೆಯುತ್ತೇನೆ. ಅವನು ಊರೂರಿಗೆ ಲೂಥರನ್ ಚರ್ಚುಗಳನ್ನು ಕಟ್ಟಿಸಿದ. ಅಲ್ಲಿ ಬಂದು ಕೂರುವ ಜನಕ್ಕೆ ಅರ್ಥವಾಗುವ ಮಾತಿನಲ್ಲೇ ಧರ್ಮ ಬೋಧಿಸಬೇಕೆಂದು ಲೂಥರನ ಕಿರು ಪ್ರಶ್ನೋತ್ತರ ಪುಸ್ತಕವನ್ನು ಲಾಟ್ವಿಯನ್ನಿಗೆ ಮಾಡಿಸುವ ಕೆಲಸ ಅವನ ಕಾಲದಲ್ಲೇ ನಡೆದು, 1586ರಲ್ಲಿ ಅದು ಕೋನಿಗ್ಸ್‌ಬರ್ಗ್‌ನಲ್ಲಿ ಅಚ್ಚಾಯಿತು. ಅಲ್ಲಿಯವರೆಗೆ ಹೊಲ ಮತ್ತು ಒಲೆಯ ಬಳಿಯಷ್ಟೇ ಇದ್ದ ಭಾಷೆಗೆ ಕಾಗದ ದೊರೆತ ಮೊದಮೊದಲ ಗಳಿಗೆಗಳಲ್ಲಿ ಅದೊಂದು.

ಯಾಕೋಬ

ಗೊಟ್ಟಾರ್ಡ್‌ನ ಇಬ್ಬರು ಮಕ್ಕಳು ನಾಡನ್ನು ಹಂಚಿಕೊಂಡರು. ಹಿರಿಯ ಫ್ರೀಡ್ರಿಕ್ ಮಿಟಾವ್‌ನಲ್ಲಿ, ಅಂದರೆ ಇಂದಿನ ಯೆಲ್ಗಾವಾದಲ್ಲಿ. ಕಿರಿಯ ವಿಲ್‌ಹೆಲ್ಮ್ ಕುಲ್ದೀಗಾದಲ್ಲಿ. ವಿಲ್‌ಹೆಲ್ಮ್ ಬಿಸಿರಕ್ತದವನು, ಜಮೀನ್ದಾರರ ಸೊಕ್ಕು ಮುರಿಯಲು ಹೊರಟ. 1615ರಲ್ಲಿ ಅವರ ಮುಂದಾಳುಗಳಾದ ನೋಲ್ಡೆ ಸೋದರರು ಮಿಟಾವ್‌ನಲ್ಲಿ ಕೊಲೆಯಾದರು. ಕೊಂದವರು ಡ್ಯೂಕನ ಕಡೆಯವರು. ಜಮೀನ್ದಾರರು ನೇರ ಪೋಲೆಂಡ್ ದೊರೆಯ ಬಾಗಿಲು ತಟ್ಟಿದರು. ವಿಲ್‌ಹೆಲ್ಮ್ ಪದವಿ ಕಳೆದುಕೊಂಡು ಪರದೇಶದ ಪಾಲಾದ. 1617ರಲ್ಲಿ ದೊರೆಯ ಕಮಿಷನರುಗಳು ಬಂದು ಬರೆದ ಆಡಳಿತ ಸೂತ್ರದ ಪ್ರಕಾರ ಡ್ಯೂಕ್ ಇನ್ನು ಮುಂದೆ ಜಮೀನ್ದಾರ ವರ್ಗದಿಂದಲೇ ಬಂದ ನಾಲ್ವರು ಹಿರಿಯ ಸಲಹೆಗಾರರ ಜೊತೆ ಸೇರಿ ಆಳಬೇಕು. ಅವನ ತೀರ್ಪು ಒಪ್ಪದ ಜಮೀನ್ದಾರ ದೊರೆಗೆ ಮೇಲ್ಮನವಿ ಸಲ್ಲಿಸಬಹುದು. ಸಾಮಂತನೊಬ್ಬನ ಕಷ್ಟ ಇಲ್ಲಿ ಚೆನ್ನಾಗಿ ಕಾಣುತ್ತದೆ. ಅವನ ಮೇಲೊಬ್ಬ ಒಡೆಯ, ಕೆಳಗೆ ನೂರಾರು ಒಡೆಯರು, ಆ ಕೆಳಗಿನವರಿಗೂ ಮೇಲಿನವನಿಗೂ ನೇರ ದಾರಿ.

ಈ ವಿಲ್‌ಹೆಲ್ಮ್‌ನ ಮಗನೇ ಯಾಕೋಬ. 1610ರ ಅಕ್ಟೋಬರ್ 28ರಂದು ಕುಲ್ದೀಗಾದಲ್ಲಿ ಹುಟ್ಟಿದ. ಹೆರಿಗೆಯಾದ ಕೆಲವೇ ವಾರಕ್ಕೆ ತಾಯಿ ತೀರಿಕೊಂಡಳು, ಏಳು ವರ್ಷ ತುಂಬುವ ಮೊದಲೇ ತಂದೆ ಗಡಿಪಾರಾದ. ಅವನಿಗೆ ಸಿಕ್ಕ ಹೆಸರು ಅವನ ಧರ್ಮಪಿತ, ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್‌ನದು. ಕುಲ್ದೀಗಾದ ವೆಂಟಾ ನದಿಯಲ್ಲಿ ಎತ್ತರ ಕಡಿಮೆಯಾದರೂ ಇನ್ನೂರೈವತ್ತು ಮೀಟರ್‌ಗೆ ಹತ್ತಿರ ಅಗಲದ ಜಲಪಾತವಿದೆ. ವಸಂತದಲ್ಲಿ ಮೀನುಗಳು ಅದನ್ನು ಹಾರಿ ದಾಟುತ್ತವೆ. ಹಾರುವ ಮೀನು ತಾನಾಗಿ ಬಂದು ಬೀಳುವಂತೆ ಅಲ್ಲಿ ಬುಟ್ಟಿಗಳನ್ನು ಕಟ್ಟಿಸಿದವನು ಯಾಕೋಬ ಎಂದು ಊರಿನವರು ಇಂದಿಗೂ ಹೇಳುತ್ತಾರೆ. ಮೀನಿನ ದಾರಿಯಲ್ಲಿ ಬುಟ್ಟಿ ಕಟ್ಟುವುದು, ವ್ಯಾಪಾರದ ದಾರಿಯಲ್ಲಿ ಹಡಗು ನಿಲ್ಲಿಸುವುದು ಒಂದೇ ಬುದ್ಧಿಯ ಎರಡು ಕೆಲಸಗಳಂತೆ ನನಗೆ ತೋರುತ್ತದೆ.

ರೋಸ್ಟಾಕ್, ಲೈಪ್‌ಜಿಗ್‌ಗಳಲ್ಲಿ ಓದಿ, ಹಾಲೆಂಡ್, ಇಂಗ್ಲೆಂಡ್, ಫ್ರಾನ್ಸ್‌ಗಳನ್ನು ಸುತ್ತಿ ಬಂದ ಯಾಕೋಬ ಅಲ್ಲೆಲ್ಲ ಕಂಡದ್ದು ಒಂದೇ ಸತ್ಯ. ಅವನ ನಾಡಿನ ಮರ, ಡಾಂಬರು, ಸೆಣಬು, ಅಗಸೆ, ಧಾನ್ಯವೆಲ್ಲ ಡಚ್ಚರ ಹಡಗುಗಳಲ್ಲಿ ಹೋಗಿ, ಡಚ್ಚರ ಹಡಗುಗಳೇ ಆಗಿ, ಡಚ್ಚರ ಜೇಬು ತುಂಬುತ್ತಿದ್ದವು. ಮರವೂ ನಮ್ಮದು, ಹಗ್ಗವೂ ನಮ್ಮದು, ಹಾಯಿಯ ಬಟ್ಟೆಯೂ ನಮ್ಮದು, ಹಡಗು ಮಾತ್ರ ಬೇರೆಯವರದು ಏಕಾಗಬೇಕು? 1642ರಲ್ಲಿ ದೊಡ್ಡಪ್ಪ ಫ್ರೀಡ್ರಿಕ್ ಮಕ್ಕಳಿಲ್ಲದೆ ಸತ್ತು ತಾನು ಪಟ್ಟಕ್ಕೆ ಬಂದಾಗ ಯಾಕೋಬ ಮಾಡಹೊರಟದ್ದು ಈ ಒಂದು ಪ್ರಶ್ನೆಗೆ ಉತ್ತರ. ವೆಂಟಾ ನದಿ ಕಡಲು ಸೇರುವ ವೆಂಟ್ಸ್‌ಪಿಲ್ಸ್‌ನಲ್ಲಿ ಹಡಗುಕಟ್ಟೆ ಬೆಳೆಯಿತು. ಜೌಗು ನೆಲದ ಅದಿರು ಕರಗಿಸುವ ಕುಲುಮೆಗಳು, ಫಿರಂಗಿ ಎರಕದ ಮನೆಗಳು, ಮದ್ದಿನ ಗಿರಣಿ, ಗಾಜು, ಕಾಗದ, ಹಾಯಿಬಟ್ಟೆ, ಹಗ್ಗದ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದವು. ತನ್ನ ನಾಡಿನ ಅದಿರು ಸಾಲದೆಂದು ನಾರ್ವೆಯ ಐಡ್ಸ್‌ವೋಲ್‌ನಲ್ಲಿ ಕಬ್ಬಿಣದ ಗಣಿಗಳನ್ನೂ ಹಿಡಿದ. ಅವನ ಆಳ್ವಿಕೆಯಲ್ಲಿ ವೆಂಟ್ಸ್‌ಪಿಲ್ಸ್‌ನಿಂದ ನೀರಿಗಿಳಿದ ಯುದ್ಧನೌಕೆ, ವ್ಯಾಪಾರಿ ಹಡಗುಗಳು ಎಲ್ಲ ಸೇರಿ ನೂರು ಮೀರಿದವು. ಕೆಲವನ್ನು ಮಾರಿದ, ಉಳಿದವು ಅವನವೇ. 1645ರಲ್ಲಿ ಬ್ರಾಂಡೆನ್‌ಬರ್ಗ್‌ನ ಲೂಯಿಸ್ ಶಾರ್ಲೊಟ್‌ಳನ್ನು ಮದುವೆಯಾದದ್ದೂ ಈ ಲೆಕ್ಕಾಚಾರಕ್ಕೆ ಒದಗಿತು. ಅವಳ ತಮ್ಮ ಫ್ರೀಡ್ರಿಕ್ ವಿಲ್‌ಹೆಲ್ಮ್ ಬಾಲ್ಟಿಕ್ ದಂಡೆಯ ಬೆಳೆಯುತ್ತಿದ್ದ ಶಕ್ತಿ.

1651ರಲ್ಲಿ ಅವನ ಜನ ಗ್ಯಾಂಬಿಯಾ ನದಿಯ ದ್ವೀಪವನ್ನು ಸ್ಥಳೀಯ ಅರಸನಿಂದ ಪಡೆದು ಕೋಟೆ ಕಟ್ಟಿ, ದಂತ, ಮೇಣ, ಚರ್ಮ, ಚಿನ್ನದ ವ್ಯಾಪಾರಕ್ಕಿಳಿದರು. 1654ರ ಮೇ 20ರಂದು, ಡಚೆಸ್‌ಳ ಲಾಂಛನದ ಹೆಸರು ಹೊತ್ತ 45 ಫಿರಂಗಿಗಳ ಹಡಗು ಟೊಬೆಗೊ ತಲುಪಿತು. ಅದರಲ್ಲಿ 25 ಅಧಿಕಾರಿಗಳು, 124 ಸೈನಿಕರು, 80 ಕುಟುಂಬಗಳು. ನಾಯಕ ವಿಲೆಮ್ ಮೋಲೆನ್ಸ್ ದ್ವೀಪಕ್ಕೆ ‘ಹೊಸ ಕೋರ್ಲ್ಯಾಂಡ್’ ಎಂದು ಹೆಸರಿಟ್ಟ. ಅದಕ್ಕೂ ಮುಂಚಿನ ಪ್ರಯತ್ನಗಳು ಕಾಯಿಲೆಗೂ ದ್ವೀಪದ ಮೂಲನಿವಾಸಿಗಳ ದಾಳಿಗೂ ಸಿಕ್ಕಿ ಕುಸಿದಿದ್ದವು; ಈ ಸಲ ಕೋಟೆ ನಿಂತಿತು, ಸುತ್ತ ಊರು ನಿಂತಿತು. ಆದರೆ ಅದೇ ವರ್ಷ ದ್ವೀಪದ ಇನ್ನೊಂದು ಬದಿಯಲ್ಲಿ ಡಚ್ಚರೂ ಬಂದಿಳಿದರು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಯಾಕೋಬನ ಸಾಹಸವನ್ನು ಹೇಳುವವರು ಗುಲಾಮರ ವ್ಯಾಪಾರದ ಮಾತು ಬಂದಾಗ ದನಿ ತಗ್ಗಿಸುತ್ತಾರೆ. ಗ್ಯಾಂಬಿಯಾದಲ್ಲಿ ಅವನ ಪಾಲು ಹತ್ತೇ ವರ್ಷದ್ದು. ಆ ದ್ವೀಪದ ಘೋರ ಅಧ್ಯಾಯ ಬಹುಪಾಲು ಅವನ ನಂತರ ಇಂಗ್ಲಿಷರ ಕೈಯಲ್ಲಿ ನಡೆದದ್ದು ನಿಜ. ಆದರೆ ಹದಿನೇಳನೆಯ ಶತಮಾನದಲ್ಲಿ ಪಶ್ಚಿಮ ಆಫ್ರಿಕಾದಲ್ಲೊಂದು ಕೋಟೆ, ಕೆರಿಬಿಯನ್‌ನಲ್ಲೊಂದು ತೋಟ, ಎರಡರ ನಡುವೆ ಓಡಾಡುವ ಹಡಗು ಎಂದರೆ ಏನರ್ಥ ಎಂಬುದು ಯಾರಿಗೂ ತಿಳಿಯದ ಗುಟ್ಟಾಗಿರಲಿಲ್ಲ. ಯಾಕೋಬನ ಯೋಜನೆಯಲ್ಲಿ ಮನುಷ್ಯರೂ ಸರಕಿನ ಪಟ್ಟಿಯಲ್ಲಿದ್ದರು. ಅದನ್ನು ಚಿಕ್ಕದು ಎನ್ನಬಹುದು, ಇರಲೇ ಇಲ್ಲ ಎನ್ನುವಂತಿಲ್ಲ.

ರಿಯಾದ ಇರುಳುಗಳು

ಹಡಗಿನ ಕತೆಯಿಂದ ಈಗ ಹೊಲಕ್ಕೆ ಬರೋಣ. ಲಾಟ್ವಿಯನ್ ಭಾಷೆಯಲ್ಲಿ ಜಮೀನ್ದಾರನ ಮನೆ, ಹೊಲ, ಕೊಟ್ಟಿಗೆ, ಗಿರಣಿ ಎಲ್ಲ ಸೇರಿದ ಒಡೆತನಕ್ಕೆ ‘ಮುಯ್ಜಾ’ ಎನ್ನುತ್ತಾರೆ. ಮುಯ್ಜಾಕ್ಕೆ ರೈತ ಮಾಡಬೇಕಾದ ಬಿಟ್ಟಿ ದುಡಿಮೆ ‘ಕ್ಲಾವುಶಾಸ್’. ಕೇಳು, ವಿಧೇಯನಾಗಿರು ಎಂಬರ್ಥದ ಕ್ರಿಯಾಪದಕ್ಕೆ ಹತ್ತಿರದ ಮಾತು ಅದು. ಕರೆದ ದಿನ ತನ್ನದೇ ಕುದುರೆ, ತನ್ನದೇ ನೇಗಿಲು ಹೊಡೆದುಕೊಂಡು ಒಡೆಯನ ಹೊಲಕ್ಕೆ ಹೋಗಬೇಕು. ತನ್ನ ಹೊಲಕ್ಕೆ ಉಳಿದ ದಿನ, ಉಳಿದ ಕಸುವು.

ಇದರಲ್ಲಿ ಅತ್ಯಂತ ಕಷ್ಟದ್ದು ‘ರಿಯಾ’ದ ಕೆಲಸ. ರಿಯಾ ಎಂದರೆ ಕಾಳು ಒಣಗಿಸಿ ಬಡಿಯುವ ಕಣದ ಮನೆ. ಬಾಲ್ಟಿಕ್ ಪ್ರಾಂತ್ಯದ ಕೊಯ್ಲಿನ ಕಾಲ ತೇವದ್ದು. ನಮ್ಮಲ್ಲಿಯ ಹಾಗೆ ಬಯಲು ಕಣದಲ್ಲಿ ಬಿಸಿಲಿಗೆ ಹರವಿದರೆ ಕಾಳು ಕೊಳೆಯುತ್ತದೆ. ಹಾಗಾಗಿ ಮುಚ್ಚಿದ ಮನೆಯೊಳಗೆ ಕಲ್ಲಿನ ಒಲೆ ಹೊತ್ತಿಸಿ, ಮೇಲಿನ ಅಡ್ಡಗಳುಗಳ ಮೇಲೆ ಸಿವುಡು ಹರಡಿ, ಹೊಗೆ ಮತ್ತು ಬಿಸಿಯಲ್ಲಿ ಒಣಗಿಸುತ್ತಿದ್ದರು. ಹೊಗೆಯಾಡಿಸಿದ ಈ ಧಾನ್ಯ ಹಡಗಿನ ತೇವದಲ್ಲೂ ಬೇಗ ಕೆಡುತ್ತಿರಲಿಲ್ಲ, ಪರದೇಶದ ಪೇಟೆಯಲ್ಲಿ ಅದಕ್ಕೆ ಬೆಲೆಯಿತ್ತು. ಹಗಲೆಲ್ಲ ಹೊಲದಲ್ಲಿ ದುಡಿದ ಗಂಡಸರು ಹೆಂಗಸರು ಶರತ್ಕಾಲದ ಇರುಳುಗಳಲ್ಲಿ ಎದ್ದು ಬಂದು, ಆ ಹೊಗೆ, ಧೂಳು, ಕತ್ತಲೆಯಲ್ಲಿ ಕಾಳು ಬಡಿಯುತ್ತಿದ್ದರು. ಬೆಳಗಾದರೆ ಮತ್ತೆ ಹಗಲಿನ ಪಾಳಿ. ವೆಂಟ್ಸ್‌ಪಿಲ್ಸ್‌ಗೆ ಗಾಡಿಗಟ್ಟಲೆ ಹೋದ ರೈ, ಅಗಸೆ, ಮರದ ದಿಮ್ಮಿ, ಡಾಂಬರಿನ ಪೀಪಾಯಿ ಎಲ್ಲದರ ಹಿಂದೆ ಇಂಥ ಇರುಳುಗಳಿವೆ. ಯಾಕೋಬನಿಗೆ ಅಮೆರಿಕದ ಬೆಳ್ಳಿ ಇರಲಿಲ್ಲ, ಹಿಂದೂ ಮಹಾಸಾಗರದ ಮೆಣಸು ಇರಲಿಲ್ಲ. ಅವನ ಬಂಡವಾಳವೆಂದರೆ ಈ ಬಿಟ್ಟಿ ದುಡಿಮೆ.

ಆ ಕತ್ತಲೆಯ ನಡುವೆ ಒಂದು ಸಣ್ಣ ದೀಪವೂ ಉರಿಯುತ್ತಿತ್ತು. ಯಾಕೋಬನ ಆಸ್ಥಾನ ಬೋಧಕ ಗಿಯೊರ್ಗ್ ಮಾನ್‌ಟ್ಸೆಲ್, ಲ್ಯಾಟಿನ್ನಿನಲ್ಲಿ ಮಾಂಸೆಲಿಯಸ್, ಸೆಮಿಗಾಲಿಯಾದಲ್ಲೇ ಹುಟ್ಟಿದ ಜರ್ಮನ್ ಪಾದ್ರಿ. 1638ರಲ್ಲಿ ಅವನು ಮೊದಲ ಜರ್ಮನ್‌–ಲಾಟ್ವಿಯನ್ ನಿಘಂಟು ಪ್ರಕಟಿಸಿದ. ಊರ ಪಾದ್ರಿಗಳು ರೈತರ ಮಾತನ್ನು ನೆಟ್ಟಗೆ ಆಡಲಿ ಎಂಬುದು ಅವನ ಆಸೆ. ಆದರೆ ಆ ಪುಟಗಳಲ್ಲಿ ಹೊಲದ, ಅಡುಗೆಮನೆಯ, ಮೀನುಬಲೆಯ ಪದಗಳು ಸಾಲಾಗಿ ನಿಂತಾಗ, ತನ್ನ ಮಾತಿಗೂ ಪುಸ್ತಕದಲ್ಲಿ ಜಾಗವಿದೆ ಎಂಬ ಸಂಗತಿ ಹುಟ್ಟಿತು. ಅದು ಬೆಳೆಯಲು ಇನ್ನೂರು ವರ್ಷ ಬೇಕಾಯಿತು.

ಹಾಸಿಗೆಯಿಂದಲೇ ಸೆರೆಮನೆಗೆ

ಯಾಕೋಬನ ರಾಜನೀತಿಯ ತಿರುಳು ತಟಸ್ಥತೆ. ಪೋಲೆಂಡ್, ಸ್ವೀಡನ್, ರಷ್ಯಾ ಮೂವರೂ ಹೊಡೆದಾಡುವ ದಾರಿಯ ನಡುವೆ ಅವನ ಮನೆ. ಯಾರ ಪರವೂ ನಿಲ್ಲದೆ, ಎಲ್ಲರಿಗೂ ಮಾರುತ್ತ, ಎಲ್ಲರಿಂದಲೂ ತಟಸ್ಥತೆಯ ಮಾನ್ಯತೆ ಬರೆಸಿಕೊಳ್ಳುತ್ತ ಅವನು ಹದಿನೈದು ವರ್ಷ ನಾಡನ್ನು ಕಾಯ್ದ. ರಾಜನಾಗಲು ಇವನು ತೀರಾ ಬಡವ, ಡ್ಯೂಕನಾಗಲು ತೀರಾ ಸಿರಿವಂತ ಎಂದು ಸ್ವೀಡನ್ನಿನ ದೊರೆ ಅಂದನೆಂಬ ಮಾತು ಪ್ರಚಲಿತದಲ್ಲಿದೆ. 1655ರಲ್ಲಿ ಸ್ವೀಡನ್ ಪೋಲೆಂಡಿನ ಮೇಲೆ ಪ್ರವಾಹದಂತೆ ನುಗ್ಗಿದ ಮೇಲೆ ಕಾಗದದ ಮಾನ್ಯತೆಗಳಿಗೆ ಬೆಲೆ ಉಳಿಯಲಿಲ್ಲ. 1658ರ ಸೆಪ್ಟೆಂಬರ್ ಕೊನೆಯ ಇರುಳು ಫೀಲ್ಡ್ ಮಾರ್ಷಲ್ ರಾಬರ್ಟ್ ಡಗ್ಲಸ್‌ನ ಸ್ವೀಡಿಷ್ ಪಡೆ ಮಿಟಾವ್ ಅರಮನೆಗೆ ನುಗ್ಗಿತು. ಕಾಯಿಲೆಯ ಸೈನಿಕರನ್ನು ದೋಣಿಗಳಲ್ಲಿ ಸಾಗಿಸುತ್ತೇವೆಂದು ಹೇಳಿ, ಅವುಗಳಲ್ಲಿ ಆಯುಧ ಹಿಡಿದವರನ್ನು ಅಡಗಿಸಿ ತಂದರೆಂಬುದು ಪರಂಪರೆಯಾಗಿ ಬಂದ ಕತೆ. ಡ್ಯೂಕ್, ಅವನ ಹೆಂಡತಿ, ಮಕ್ಕಳು ಎಲ್ಲರೂ ಸೆರೆ. ಮೊದಲು ರೀಗಾ, ಆಮೇಲೆ ನಾರ್ವಾ ನದಿಯ ದಡದ ಇವಾಂಗೊರೊಡ್ ಕೋಟೆ.

1660ರ ಮೇ 3ರ ಒಲಿವಾ ಒಪ್ಪಂದದ ಬಳಿಕ ಬಿಡುಗಡೆಯಾಗಿ ಬಂದಾಗ ಅವನ ಹಡಗುಗಳನ್ನು ಒಯ್ದಿದ್ದರು, ಕಾರ್ಖಾನೆಗಳನ್ನು ಹಾಳುಗೆಡವಿದ್ದರು. ಟೊಬೆಗೊದ ಕೋಟೆ 1659ರಲ್ಲೇ ಡಚ್ಚರ ಪಾಲಾಗಿತ್ತು. 1661ರಲ್ಲಿ ರಾಬರ್ಟ್ ಹೋಮ್ಸ್‌ನ ಇಂಗ್ಲಿಷ್ ನೌಕೆಗಳು ಗ್ಯಾಂಬಿಯಾದ ದ್ವೀಪವನ್ನು ಕಿತ್ತುಕೊಂಡವು. ದ್ವೀಪಕ್ಕೆ ಜೇಮ್ಸ್ ಐಲ್ಯಾಂಡ್ ಎಂಬ ಹೆಸರು ಬಂದದ್ದು ಯಾರ್ಕ್‌ನ ಡ್ಯೂಕ್ ಜೇಮ್ಸ್‌ನಿಂದ. ಯಾಕೋಬ ಐವತ್ತು ದಾಟಿದ್ದ. ಮತ್ತೆ ಕುಲುಮೆ ಹೊತ್ತಿಸಿದ, ಮತ್ತೆ ಹಡಗು ಕಟ್ಟಿದ. 1664ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಜೊತೆ ಒಪ್ಪಂದ ಮಾಡಿಕೊಂಡು ಗ್ಯಾಂಬಿಯಾದ ಹಕ್ಕು ಬಿಟ್ಟುಕೊಟ್ಟು ಟೊಬೆಗೊದ ಹಕ್ಕು ಬರೆಸಿಕೊಂಡ. ಕಾಗದ ಸಿಕ್ಕಿತು, ದ್ವೀಪ ನಿಲ್ಲಲಿಲ್ಲ. 1682ರ ಹೊಸ ವರ್ಷದ ಹೊಸ್ತಿಲಲ್ಲಿ ತೀರಿಕೊಳ್ಳುವವರೆಗೂ ಅವನು ಆ ದ್ವೀಪದ ಆಸೆ ಬಿಡಲಿಲ್ಲ. ರಷ್ಯಾದಿಂದ ಓಡಿಬಂದ ಹಳೆನಂಬಿಕೆಯ ಕ್ರೈಸ್ತರು ದೌಗಾವಾ ದಂಡೆಯಲ್ಲಿ ನೆಲೆಸಿದ್ದ ಒಂದು ಹಟ್ಟಿಗೆ 1670ರಲ್ಲಿ ಪಟ್ಟಣದ ಹಕ್ಕು ಕೊಟ್ಟಿದ್ದ. ಅದು ಈಗ ಯೇಕಬ್‌ಪಿಲ್ಸ್, ಯಾಕೋಬನ ಊರು. ಅವನು ಕಟ್ಟಿದ್ದರಲ್ಲಿ ಹೆಚ್ಚು ಬಾಳಿದ್ದು ಈ ಒಳನಾಡಿನ ಊರು.

ವಿಧವೆಯ ಮಿಟಾವ್

ಯಾಕೋಬನ ನಂತರದ ಕತೆಯಲ್ಲಿ ಸಮುದ್ರ ಹಿಂದೆ ಸರಿಯುತ್ತದೆ. ಮಗ ಫ್ರೀಡ್ರಿಕ್ ಕಾಸಿಮಿರ್‌ಗೆ ಒಪೆರಾ, ಬೇಟೆ, ಔತಣಗಳ ಮೋಹ. 1697ರಲ್ಲಿ ಪಶ್ಚಿಮ ಯುರೋಪು ನೋಡಲು ಹೊರಟ ರಷ್ಯಾದ ಯುವ ತ್ಸಾರ್ ಪೀಟರ್ ಮಿಟಾವ್‌ನಲ್ಲಿ ಅವನ ಅತಿಥಿಯಾಗಿದ್ದ. ಆ ಅತಿಥಿಯ ಯುದ್ಧವೇ ಮುಂದೆ ನಾಡನ್ನು ನೆಲಕಚ್ಚಿಸಿತು. ಸ್ವೀಡನ್–ರಷ್ಯಾ ಕಾಳಗದಲ್ಲಿ ಕೋರ್ಲ್ಯಾಂಡ್ ಇಬ್ಬರ ತುಳಿತಕ್ಕೂ ಸಿಕ್ಕಿತು. ಬೌಸ್ಕಾದ ಕೋಟೆ 1706ರಲ್ಲಿ ಮದ್ದಿಟ್ಟು ಸಿಡಿದುಹೋಯಿತು. 1710ರಲ್ಲಿ ಪ್ಲೇಗ್ ಬಂದು ಹಳ್ಳಿಗೆ ಹಳ್ಳಿಯನ್ನೇ ಬರಿದು ಮಾಡಿತು.

ಅದೇ 1710ರ ನವೆಂಬರ್‌ನಲ್ಲಿ ಯಾಕೋಬನ ಮೊಮ್ಮಗ, ಹದಿನೆಂಟರ ಫ್ರೀಡ್ರಿಕ್ ವಿಲ್‌ಹೆಲ್ಮ್‌ಗೆ ಪೀಟರ್ಸ್‌ಬರ್ಗ್‌ನಲ್ಲಿ ಪೀಟರನ ಅಣ್ಣನ ಮಗಳು ಆನಾ ಇವಾನೊವ್ನಾಳ ಜೊತೆ ಮದುವೆಯಾಯಿತು. ವಾರಗಟ್ಟಲೆ ಕುಡಿತ ಕುಣಿತ. 1711ರ ಜನವರಿಯಲ್ಲಿ ಊರ ದಾರಿ ಹಿಡಿದ ಮದುಮಗ ಪೀಟರ್ಸ್‌ಬರ್ಗ್ ಸೆರಗಲ್ಲೇ ಸತ್ತ. ಹದಿನೇಳರ ವಿಧವೆಯನ್ನು ಪೀಟರ್ ಮಿಟಾವ್‌ಗೆ ಕಳಿಸಿದ. ಗೊತ್ತಿಲ್ಲದ ಊರು, ಪ್ರೀತಿಯಿಲ್ಲದ ಜನ, ಕೈಯಲ್ಲಿ ಕಾಸಿಲ್ಲ. ದೊಡ್ಡವರ ಆಸ್ಥಾನಕ್ಕೆ ಹಣಕ್ಕಾಗಿ ಬೇಡಿಕೊಂಡು ಅವಳು ಬರೆದ ಪತ್ರಗಳು ಉಳಿದಿವೆ. ಮುಂದೆ ಸಾಮ್ರಾಜ್ಞಿಯಾಗಿ ಅವಳು ನಡೆಸಿದ ಕ್ರೂರ ಆಡಳಿತವನ್ನು ಒಪ್ಪುವವರಿಲ್ಲ. ಆದರೂ ಆ ಇಪ್ಪತ್ತು ವರ್ಷಗಳ ಮಿಟಾವ್ ವಾಸವನ್ನು ನೆನೆದರೆ ಮರುಕ ಹುಟ್ಟುತ್ತದೆ. ಕೆಟ್ಲರ್ ವಂಶದ ಕೊನೆಯ ಕೊಂಡಿ, ಫರ್ಡಿನೆಂಡ್, ನಾಡಿಗೆ ಕಾಲಿಡದೆ ಡಾನ್‌ಜಿಗ್‌ನಲ್ಲಿ ಕೂತಿದ್ದ. 1726ರಲ್ಲಿ ಜಮೀನ್ದಾರರು ಪೋಲೆಂಡ್ ದೊರೆಯ ದಾಸೀಪುತ್ರ ಮೋರಿಸ್‌ನನ್ನು ಡ್ಯೂಕನಾಗಿ ಆರಿಸಿದರು. ಮರುವರ್ಷ ರಷ್ಯನ್ ಸೈನ್ಯ ಅವನನ್ನು ಓಡಿಸಿತು. ಅವನೇ ಮುಂದೆ ಫ್ರಾನ್ಸಿನ ಮಾರ್ಷಲ್ ಆಗಿ ಫೊಂತೆನ್ವಾ ಕಾಳಗ ಗೆದ್ದವನು. ಧ್ವಜ ಕೊಡುವವನು ವಾರ್ಸಾದಲ್ಲಿದ್ದ, ಹೂಂ ಎನ್ನುವವರು ಪೀಟರ್ಸ್‌ಬರ್ಗ್‌ನಲ್ಲಿದ್ದರು.

1730ರಲ್ಲಿ ಆನಾ ಮಿಟಾವ್‌ನಿಂದಲೇ ರಷ್ಯಾದ ಸಿಂಹಾಸನಕ್ಕೆ ಹೋದಳು. ಅಧಿಕಾರ ಮಿತಿಗೊಳಿಸುವ ಷರತ್ತುಗಳಿಗೆ ಮಿಟಾವ್‌ನಲ್ಲಿ ಸಹಿ ಹಾಕಿ, ಮಾಸ್ಕೊ ಸೇರಿದ ಮೇಲೆ ಹರಿದುಹಾಕಿದಳು. ಅವಳ ನೆಚ್ಚಿನ ಎರ್ನ್ಸ್ಟ್ ಯೊಹಾನ್ ಬಿರೊನ್ 1737ರಲ್ಲಿ ಕೋರ್ಲ್ಯಾಂಡ್‌ನ ಡ್ಯೂಕನಾದ. ರಷ್ಯಾದ ಹಣದಲ್ಲಿ, ಇಟಲಿ ಮೂಲದ ವಾಸ್ತುಶಿಲ್ಪಿ ರಾಸ್ಟ್ರೆಲಿಯ ಕೈಯಲ್ಲಿ, 1736ರಲ್ಲಿ ರುಂದಾಲೆಯಲ್ಲೂ 1738ರಲ್ಲಿ ಮಿಟಾವ್‌ನಲ್ಲೂ ಅರಮನೆಗಳ ಕೆಲಸ ಶುರುವಾಯಿತು. 1740ರಲ್ಲಿ ಆನಾ ಸತ್ತ ಮೂರು ವಾರಕ್ಕೆ ಬಿರೊನ್ ಸೆರೆಯಾಗಿ ಸೈಬೀರಿಯಾದ ಪೆಲಿಮ್‌ಗೆ ಗಡಿಪಾರಾದ. ಅರೆಕಟ್ಟಿದ ಗೋಡೆಗಳು ಇಪ್ಪತ್ತು ವರ್ಷ ಮಳೆ ಹಿಮದಲ್ಲಿ ನೆನೆದವು. 1763ರಲ್ಲಿ ರಷ್ಯಾದ ಸಾಮ್ರಾಜ್ಞಿ ಕ್ಯಾಥರೀನ್ ಅವನನ್ನು ಮರಳಿ ತಂದು ಕೂರಿಸಿದಾಗ ಅವನಿಗೆ ಎಪ್ಪತ್ತು ದಾಟಿತ್ತು. ರುಂದಾಲೆಯ 138 ಕೋಣೆಗಳು ಆ ಮೇಲೆ ಪೂರ್ಣಗೊಂಡವು.

ಅವನ ಮಗ ಪೀಟರ್ 1775ರಲ್ಲಿ ಮಿಟಾವ್‌ನಲ್ಲಿ ‘ಅಕಾಡೆಮಿಯಾ ಪೆಟ್ರಿನಾ’ ತೆರೆದ. ಅಲ್ಲಿ ಗಣಿತ, ಖಗೋಳ, ತತ್ತ್ವಶಾಸ್ತ್ರದ ಪಾಠಗಳು ನಡೆದವು. ಅದಕ್ಕಿಂತ ಒಂದು ವರ್ಷ ಮೊದಲು ಗೊಟ್ಟಾರ್ಡ್ ಫ್ರೀಡ್ರಿಕ್ ಸ್ಟೆಂಡರ್ ಎಂಬ ಹಳ್ಳಿ ಪಾದ್ರಿ ಭೂಮಿ, ಆಕಾಶ, ಪ್ರಾಣಿ, ದೇಶಗಳ ವಿಚಾರವನ್ನೆಲ್ಲ ಲಾಟ್ವಿಯನ್ ಭಾಷೆಯಲ್ಲಿ, ರೈತನಿಗೆ ತಿಳಿಯುವ ಹಾಗೆ ಒಂದು ಪುಸ್ತಕದಲ್ಲಿ ಬರೆದು ಮುಗಿಸಿದ್ದ. 1787ರಲ್ಲಿ ಮಕ್ಕಳಿಗೆ ಚಿತ್ರಗಳ ಅಕ್ಷರಮಾಲೆ ಮಾಡಿದ. ಮೂಲದಿಂದ ಜರ್ಮನ್ನನಾದ ಅವನ ಸಮಾಧಿಕಲ್ಲಿನ ಮೇಲೆ ಅವನ ಇಷ್ಟದಂತೆ ‘ಲಾಟ್ವಿಸ್’, ಲಾಟ್ವಿಯದವನು, ಎಂದು ಕೆತ್ತಿದ್ದಾರೆ. ಅರಮನೆಯ 138 ಕೋಣೆಗಳಿಗಿಂತ ಆ ಒಂದು ಪದದ ಮುಂದೆ ನಾನು ಹೆಚ್ಚು ಹೊತ್ತು ನಿಂತಿದ್ದೇನೆ.

1795ರಲ್ಲಿ ಪೋಲೆಂಡ್ ಮೂರನೆಯ ಸಲ ಹಂಚಿಹೋಯಿತು. ಒಡೆಯನೇ ಇಲ್ಲದ ಮೇಲೆ ಸಾಮಂತ ಯಾರಿಗೆ ಮಂಡಿಯೂರಬೇಕು? ಆ ಮಾರ್ಚ್‌ನಲ್ಲಿ ಜಮೀನ್ದಾರರ ಸಭೆ ಕ್ಯಾಥರೀನಳ ಅಧೀನಕ್ಕೆ ಸೇರಲು ತೀರ್ಮಾನಿಸಿತು. 28ರಂದು ಪೀಟರ್ ಪದತ್ಯಾಗ ಮಾಡಿ, ದೊಡ್ಡ ಮೊತ್ತದ ಹಣ ಪಡೆದು ಸೈಲೀಷಿಯಾದ ತನ್ನ ಆಸ್ತಿಗೆ ಹೊರಟುಹೋದ. ಜಮೀನ್ದಾರರ ಹಕ್ಕುಗಳು ಹಾಗೇ ಉಳಿದವು. ರಿಯಾದ ಒಲೆಗಳೂ ಉರಿಯುತ್ತಲೇ ಇದ್ದವು.

ಬೀರುವಿನ ಅರೆಗಳು

1817ರಲ್ಲಿ ಕೋರ್ಲ್ಯಾಂಡ್‌ನ ರೈತರಿಗೆ ಜೀತದಿಂದ ಬಿಡುಗಡೆ ಘೋಷಣೆಯಾಯಿತು. ಬಿಡುಗಡೆ ಸಿಕ್ಕಿತು, ನೆಲ ಸಿಗಲಿಲ್ಲ. 1830ರ ದಶಕದಲ್ಲಿ ಅವರಿಗೆ ಮನೆತನದ ಹೆಸರುಗಳು ಬಂದವು. ಅಲ್ಲಿಯವರೆಗೆ ಅವರು ಒಡೆಯನ ಲೆಕ್ಕದ ಪುಸ್ತಕದಲ್ಲಿ ಇಂಥ ಮನೆಯ ಯಾನಿಸ್, ಇಂಥ ಮನೆಯ ಅನ್ನಾ ಅಷ್ಟೇ. ಲಾಟ್ವಿಯನ್ನರ ನಡುವೆ ಇಂದು ಎಲ್ಲೆಡೆ ಸಿಗುವ ಹೆಸರುಗಳ ಅರ್ಥ ಕೇಳಿದರೆ ಖುಷಿಯಾಗುತ್ತದೆ: ಬೇರ್ಜಿನ್ಷ್ ಎಂದರೆ ಎಳೆಯ ಬರ್ಚ್ ಮರ, ಕಾಲ್ನಿನ್ಷ್ ಎಂದರೆ ಪುಟ್ಟ ಗುಡ್ಡ, ಓಜೊಲಿನ್ಷ್ ಎಂದರೆ ಎಳೆಯ ಓಕ್. ಸುತ್ತಲಿನ ಮರ ಗುಡ್ಡಗಳೇ ಅವರಿಗೆ ಹೆಸರು ಕೊಟ್ಟವು.

ಸಂಸ್ಥಾನದ ಗುರುತುಗಳು ಅಲ್ಲಲ್ಲಿ ಉಳಿದಿವೆ. ಡ್ಯೂಕರ ಲಾಂಛನದ ಕೆಂಪು ಸಿಂಹ ಇಂದಿನ ಲಾಟ್ವಿಯಾದ ರಾಷ್ಟ್ರ ಲಾಂಛನದಲ್ಲಿ ಕುರ್ಜೆಮೆಯ, ಅಂದರೆ ಕೋರ್ಲ್ಯಾಂಡಿನ, ಪರವಾಗಿ ನಿಂತಿದೆ. ಯೆಲ್ಗಾವಾ ಊರು 1944ರ ಬಾಂಬಿಗೆ ಸುಟ್ಟುಹೋದರೂ ಅರಮನೆಯನ್ನು ಮತ್ತೆ ಎತ್ತಿ ನಿಲ್ಲಿಸಿದರು. ಅದು ಈಗ ವಿಶ್ವವಿದ್ಯಾಲಯ, ಅದರ ನೆಲಮಾಳಿಗೆಯಲ್ಲಿ ಕೆಟ್ಲರ್ ಮತ್ತು ಬಿರೊನ್ ವಂಶದವರ ಶವಪೆಟ್ಟಿಗೆಗಳಿವೆ. ಸೋವಿಯತ್ ಕಾಲದಲ್ಲಿ ಶಿಥಿಲವಾಗಿದ್ದ ರುಂದಾಲೆಯನ್ನು ಇಮಂಟ್ಸ್ ಲಾನ್ಟ್ಸ್‌ಮಾನಿಸ್ ಎಂಬ ಕಲಾವಿದ ತನ್ನ ಬಾಳೆಲ್ಲ ಕೊಟ್ಟು, 1972ರಿಂದ 2014ರವರೆಗೆ ಕೋಣೆ ಕೋಣೆಯಾಗಿ ಬದುಕಿಸಿದರು. ಟೊಬೆಗೊದ ಕೊಲ್ಲಿಯ ಬಳಿ 1970ರ ದಶಕದಲ್ಲಿ ಒಂದು ಸ್ಮಾರಕ ಎದ್ದಿತು. ಪರದೇಶದ ಆಳ್ವಿಕೆಯಲ್ಲಿ ಬಹುಕಾಲ ಕಳೆದ ಒಂದು ಸಣ್ಣ ಜನಾಂಗ ನಮ್ಮ ನೆಲದಿಂದಲೂ ಹಡಗು ಹೊರಟಿತ್ತು ಎಂದು ಎದೆಯುಬ್ಬಿಸುವುದನ್ನು ನಾನು ಅರಿಯಬಲ್ಲೆ. ಆ ಹಡಗಿನ ಒಡೆಯ ಅವರ ಭಾಷೆಯವನಾಗಿರಲಿಲ್ಲ. ಹಡಗಿನ ಮರ, ಹಗ್ಗ, ಹಾಯಿ, ಅನ್ನ ಅವರದಾಗಿತ್ತು.

ಸಂಸ್ಥಾನದ ಕಾಗದಪತ್ರಗಳು ಬಹುಪಾಲು ಜರ್ಮನ್, ಲ್ಯಾಟಿನ್ ಭಾಷೆಯವು. ರೈತರ ದಾಖಲೆ ಬೇರೆ ಕಡೆ ಇದೆ. 1835ರಲ್ಲಿ ಕೋರ್ಲ್ಯಾಂಡ್‌ನ ಸ್ಟ್ರುತೆಲೆಯಲ್ಲಿ, ಮುಯ್ಜಾವೊಂದರ ಮೇಲ್ವಿಚಾರಕನ ಮನೆಯಲ್ಲಿ ಹುಟ್ಟಿದ ಕ್ರಿಶ್ಯಾನಿಸ್ ಬಾರೊನ್ಸ್ ಲಾಟ್ವಿಯನ್ ಜನಪದ ಹಾಡುಗಳನ್ನು, ದೈನಾಗಳನ್ನು, ಕೂಡಿಸಲು ಕೂತ. ಹಳ್ಳಿ ಹಳ್ಳಿಗಳಿಂದ ಶಾಲಾ ಮೇಷ್ಟ್ರುಗಳು, ರೈತರು, ಹೆಂಗಸರು ಬರೆದು ಕಳಿಸಿದರು. ಅವುಗಳನ್ನು ಜೋಡಿಸಲು 1880ರಲ್ಲಿ ಒಂದು ಮರದ ಬೀರು ಮಾಡಿಸಿದ: ಎಪ್ಪತ್ತು ಅರೆಗಳು, ಒಂದೊಂದು ಅರೆಯಲ್ಲೂ ಇಪ್ಪತ್ತು ಗೂಡುಗಳು. 1894ರಿಂದ 1915ರ ನಡುವೆ ಅಚ್ಚಾದ ಸಂಪುಟಗಳಲ್ಲಿ 2,17,996 ಹಾಡುಗಳಿವೆ. ಹುಟ್ಟು, ಮದುವೆ, ಸಾವು, ಜೇನು, ಕುದುರೆ; ಜೊತೆಗೆ ಮುಯ್ಜಾ, ಬಿಟ್ಟಿ ದುಡಿಮೆ, ಮೇಲ್ವಿಚಾರಕನ ಕೋಲು, ರಿಯಾದ ನಿದ್ದೆಗೆಟ್ಟ ಇರುಳು. ಹಾಡು ಕಟ್ಟಿದವರ ಹೆಸರು ಯಾವುದರ ಮೇಲೂ ಇಲ್ಲ. ಆ ಬೀರು ಈಗ ರೀಗಾದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಅರೆ ಎಳೆದರೆ ಒತ್ತಾಗಿ ನಿಂತ ಚೀಟಿಗಳು, ಒಂದೊಂದೂ ಎರಡು ಬೆರಳಗಲ, ಅದರ ಮೇಲೆ ನಾಲ್ಕು ಸಾಲು.